ದೇವರ ಕೆಲಸವೆಂದು ಕಲ್ಲಿನಲ್ಲಿ ಬರೆಸಿದವರು

ಹಾರೋಹಳ್ಳಿಯಲ್ಲಿ ಬೆಳಗಿನ ಬಸ್ಸು ಹತ್ತಿ, ಕಂಕುಳಲ್ಲಿ ಕಾಗದಪತ್ರಗಳ ಚೀಲ ಇಟ್ಟುಕೊಂಡು, ಬೆಂಗಳೂರಿನ ವಿಧಾನಸೌಧದ ಮುಂದೆ ನೀವು ಎಂದಾದರೂ ನಿಂತಿದ್ದೀರಾ? ಯಾವುದೋ ಜಮೀನಿನ ತಕರಾರು, ನಿಂತುಹೋದ ಪಿಂಚಣಿ, ಮಗನ ಕೆಲಸದ ಅರ್ಜಿ, ಹೀಗೆ ಏನಾದರೊಂದು ನಮ್ಮನ್ನು ಅಲ್ಲಿಗೆ ಎಳೆದುಕೊಂಡು ಹೋಗುತ್ತದೆ. ಆ ಎತ್ತರದ ಮೆಟ್ಟಿಲುಗಳನ್ನೂ ಕಂಬಗಳನ್ನೂ ನೋಡಿ ಎದೆ ಸ್ವಲ್ಪ ನಡುಗುತ್ತದೆ. ಕತ್ತೆತ್ತಿ ನೋಡಿದರೆ ಹಣೆಯ ಮೇಲೆ ಒಂದು ಬರಹ. ಸರ್ಕಾರದ ಕೆಲಸವು ದೇವರ ಕೆಲಸವೇ ಎಂಬುದು ಅದರ ಅರ್ಥ.

ನಮ್ಮಲ್ಲಿ ಎಷ್ಟೋ ಮಂದಿ ಆ ಬರಹವನ್ನು ಓದಿ ನಕ್ಕಿದ್ದೇವೆ. ಹತ್ತು ಸಲ ಅಲೆದರೂ ಮುಗಿಯದ ಕೆಲಸವನ್ನು ದೇವರ ಕೆಲಸ ಅನ್ನುವುದು ಹೇಗೆ ಎಂದು ಬೇಸರದಿಂದ ಕೇಳಿದ್ದೇವೆ. ಆದರೆ ಆ ಬರಹದ ಹಿಂದಿದ್ದ ಮನುಷ್ಯ ಯಾರು, ಅವರು ಎಲ್ಲಿಯವರು, ಅದಕ್ಕಾಗಿ ಅವರು ಏನೇನು ಅನುಭವಿಸಿದರು ಎಂದು ಯೋಚಿಸಿದ್ದೇವೆಯೇ? ಅವರು ದೂರದವರಲ್ಲ. ನಮ್ಮದೇ ರಾಮನಗರ ಸೀಮೆಯವರು. ಅವರ ಹೆಸರು ಕೆಂಗಲ್ ಹನುಮಂತಯ್ಯ. ಅವರ ಬದುಕನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಲಕ್ಕಪ್ಪನಹಳ್ಳಿಯ ಹುಡುಗ

ಹನುಮಂತಯ್ಯನವರು ಹುಟ್ಟಿದ್ದು 1908ರ ಫೆಬ್ರವರಿಯಲ್ಲಿ, ರಾಮನಗರದ ಬಳಿಯ ಲಕ್ಕಪ್ಪನಹಳ್ಳಿ ಎಂಬ ಸಣ್ಣ ಹಳ್ಳಿಯಲ್ಲಿ. ಒಕ್ಕಲುತನದ ಮನೆತನ. ಆಗ ರಾಮನಗರಕ್ಕೆ ಆ ಹೆಸರೇ ಇರಲಿಲ್ಲ. ಬ್ಯಾರಿ ಕ್ಲೋಸ್ ಎಂಬ ಇಂಗ್ಲಿಷ್ ಅಧಿಕಾರಿಯ ಹೆಸರಿನಲ್ಲಿ ಅದನ್ನು ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದರು. ಅದು ರಾಮನಗರವಾದದ್ದು ಮುಂದೆ ಇದೇ ಹನುಮಂತಯ್ಯನವರಿಂದ.

ರಾಮನಗರದಿಂದ ಚನ್ನಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಕೆಂಗಲ್ ಎಂಬ ಸ್ಥಳವಿದೆಯಲ್ಲವೇ? ಅಲ್ಲಿನ ಆಂಜನೇಯನ ಗುಡಿಗೆ ಅವರು ನಡೆದುಕೊಳ್ಳುತ್ತಿದ್ದರು. ಆ ಭಕ್ತಿಯಿಂದಲೇ ಊರಿನ ಹೆಸರು ಅವರ ಹೆಸರಿನ ಮುಂದೆ ಸೇರಿಕೊಂಡಿತು. ದೊಡ್ಡ ಪದವಿಗೆ ಏರಿದ ಮೇಲೆ ಹುಟ್ಟಿದ ಸೀಮೆಯನ್ನು ಮರೆಯುವವರು ಉಂಟು. ಇವರು ಮಾತ್ರ ಅದನ್ನು ಹೆಸರಿನಲ್ಲೇ ಹೊತ್ತುಕೊಂಡು ತಿರುಗಿದರು.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ 1930ರಲ್ಲಿ ಪದವಿ ಪಡೆದರು. ಪುಣೆಗೆ ಹೋಗಿ ಕಾನೂನು ಕಲಿತರು. ಹಳ್ಳಿಯ ಹುಡುಗನೊಬ್ಬ ವಕೀಲನಾಗುವುದೆಂದರೆ ಆ ಕಾಲದಲ್ಲಿ ಸಣ್ಣ ಮಾತೇ? ಬೆಂಗಳೂರಿನಲ್ಲಿ ಕರಿಕೋಟು ತೊಟ್ಟು ಹಣ ಸಂಪಾದಿಸುತ್ತಾ ಹಾಯಾಗಿ ಇರಬಹುದಿತ್ತು. ಆದರೆ ಅದು ಸ್ವಾತಂತ್ರ್ಯ ಹೋರಾಟದ ಕಾಲ. ಅವರು ಕಾಂಗ್ರೆಸ್ ಸೇರಿದರು, ಹಳ್ಳಿ ಹಳ್ಳಿ ಸುತ್ತಿದರು, ಹಲವು ಸಲ ಜೈಲಿಗೆ ಹೋದರು. ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯ ಸದಸ್ಯರಾಗಿ ಜನರ ಪರವಾಗಿ ಮಾತನಾಡಲು ಕಲಿತರು.

ವೀಣೆಯೂ ಬ್ಯಾಂಡೂ

ದೇಶಕ್ಕೆ ಸ್ವಾತಂತ್ರ್ಯ ಬಂತು. ದೆಹಲಿಯಲ್ಲಿ ಸಂವಿಧಾನವನ್ನು ರಚಿಸುತ್ತಿದ್ದ ಸಭೆಗೆ ಮೈಸೂರಿನಿಂದ ಹೋದ ಕೆಲವೇ ಪ್ರತಿನಿಧಿಗಳಲ್ಲಿ ಹನುಮಂತಯ್ಯನವರೂ ಒಬ್ಬರು. ದೊಡ್ಡ ದೊಡ್ಡ ಪಂಡಿತರು ಕುಳಿತಿದ್ದ ಆ ಸಭೆಯಲ್ಲಿ ಅವರು ಬಾಯಿ ಮುಚ್ಚಿ ಕೂರಲಿಲ್ಲ. 1949ರ ನವೆಂಬರಿನಲ್ಲಿ, ಸಂವಿಧಾನದ ಕೆಲಸ ಮುಗಿಯುತ್ತಾ ಬಂದಾಗ, ತಮ್ಮ ಮನಸ್ಸಿನ ಕೊರಗನ್ನು ಎದ್ದು ನಿಂತು ಹೇಳಿದರು. ನಮಗೆ ಬೇಕಾಗಿದ್ದದ್ದು ವೀಣೆಯ ಅಥವಾ ಸಿತಾರಿನ ನಾದ, ಕೇಳಿಬರುತ್ತಿರುವುದು ಇಂಗ್ಲಿಷ್ ಬ್ಯಾಂಡಿನ ಸದ್ದು ಎಂಬುದು ಅವರ ಕೊರಗಿನ ತಿರುಳು. ಇಷ್ಟು ವರ್ಷಗಳ ನಂತರವೂ ಸಂವಿಧಾನದ ಚರಿತ್ರೆ ಬರೆಯುವವರು ಈ ಹೋಲಿಕೆಯನ್ನು ಮರೆಯುವುದಿಲ್ಲ.

ಅವರ ಮಾತನ್ನು ನಾವು ಪೂರ್ತಿಯಾಗಿ ಒಪ್ಪಬೇಕೆಂದಿಲ್ಲ. ಅದೇ ಸಂವಿಧಾನ ನಮ್ಮಂಥ ಅಲ್ಪಸಂಖ್ಯಾತರಿಗೆ ನಂಬಿಕೆಯ ಸ್ವಾತಂತ್ರ್ಯವನ್ನೂ ಶಾಲೆಗಳನ್ನು ನಡೆಸುವ ಹಕ್ಕನ್ನೂ ಕೊಟ್ಟಿತು. ಆದರೆ ಅವರ ಅಸಮಾಧಾನದ ಬೇರನ್ನು ಅರ್ಥ ಮಾಡಿಕೊಳ್ಳಬೇಕು. ಆಳುವವರ ಮಾತು ಮತ್ತು ರೀತಿ ಆಳಿಸಿಕೊಳ್ಳುವವರಿಗೆ ಪರಕೀಯವಾಗಬಾರದು ಎಂಬುದು ಅವರ ಹಂಬಲ. ಮುಂದೆ ಅವರು ಕೈಹಾಕಿದ ಕೆಲಸಗಳಲ್ಲೆಲ್ಲ ಇದೇ ಹಂಬಲ ಕಾಣುತ್ತದೆ.

ಎದುರುಬದುರಾದ ಎರಡು ಕಟ್ಟಡಗಳು

1952ರಲ್ಲಿ ಮೊದಲ ಮಹಾಚುನಾವಣೆ ನಡೆಯಿತು. ರಾಮನಗರದಿಂದ ಆರಿಸಿಬಂದ ಹನುಮಂತಯ್ಯನವರು ಮಾರ್ಚ್ 30ರಂದು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ಅವರಿಗೆ ಮುಂಚೆ ಆ ಸ್ಥಾನದಲ್ಲಿದ್ದವರು ಕೆ. ಚೆಂಗಲರಾಯ ರೆಡ್ಡಿಯವರು. ವಯಸ್ಕರೆಲ್ಲರೂ ಮತ ಹಾಕಿದ ಚುನಾವಣೆಯಿಂದ ಬಂದ ಮೊದಲ ಮುಖ್ಯಮಂತ್ರಿ ಹನುಮಂತಯ್ಯನವರು. ಆಗ ಅವರಿಗೆ 44 ವರ್ಷ.

ವಿಧಾನಸೌಧಕ್ಕೆ ಪ್ರಧಾನಿ ನೆಹರೂ ಅವರು 1951ರ ಜುಲೈ 13ರಂದೇ ಅಡಿಗಲ್ಲು ಇಟ್ಟಿದ್ದರು. ಆಗಿದ್ದ ನಕ್ಷೆ ಸಾಧಾರಣವಾದದ್ದು. ಹನುಮಂತಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ರಸ್ತೆಯ ಎದುರಿಗೆ ಇಂಗ್ಲಿಷರ ಕಾಲದ ಕೆಂಪು ಬಣ್ಣದ ಅಠಾರ ಕಚೇರಿ ನಿಂತಿತ್ತು. ಸ್ವತಂತ್ರ ಜನರ ಮನೆ ಅದಕ್ಕಿಂತ ತಗ್ಗಾಗಿರಬಾರದು, ನಮ್ಮ ನಾಡಿನ ಶಿಲ್ಪಿಗಳ ಕೈಚಳಕ ಅದರಲ್ಲಿ ಕಾಣಬೇಕು ಎಂದು ಅವರು ಹಟ ಹಿಡಿದರು. ಮುಖ್ಯ ಇಂಜಿನಿಯರ್ ಬಿ. ಆರ್. ಮಾಣಿಕ್ಯಂ ಅವರು ಹೊಸ ನಕ್ಷೆಯ ಹೊಣೆ ಹೊತ್ತರು. ಗುಡಿಗೋಪುರಗಳ ಶೈಲಿಯನ್ನು ಬೆರೆಸಿ, 700 ಅಡಿ ಉದ್ದ, 350 ಅಡಿ ಅಗಲದ ಕಲ್ಲಿನ ಸೌಧ ಮೇಲೇಳತೊಡಗಿತು. ಮುಂಭಾಗಕ್ಕೆ 40 ಅಡಿ ಎತ್ತರದ 12 ಕಂಬಗಳು, ಏರಿಹೋಗಲು 45 ಮೆಟ್ಟಿಲುಗಳು.

ಆ ಕಲ್ಲುಗಳು ಬಂದದ್ದು ಎಲ್ಲಿಂದ ಗೊತ್ತೇ? ಬೆಂಗಳೂರಿನ ಸುತ್ತಲ ಮಲ್ಲಸಂದ್ರ, ಹೆಸರಘಟ್ಟದ ಕಡೆಯಿಂದ. ಅಲಂಕಾರದ ಕೆಲಸಕ್ಕೆ ತುರುವೇಕೆರೆಯ ಕಪ್ಪು ಕಲ್ಲು ಮತ್ತು ನಮ್ಮ ಮಾಗಡಿಯ ನಸುಗೆಂಪು ಕಲ್ಲು. ಕೆಲಸ ಮಾಡಿದವರು 5000ಕ್ಕೂ ಹೆಚ್ಚು ಮಂದಿ ಕೂಲಿಯಾಳುಗಳು, ಸುಮಾರು 1500 ಮಂದಿ ಕಲ್ಲುಕುಟಿಗರು, ಗಾರೆಯವರು ಮತ್ತು ಮರಗೆಲಸದವರು. ಕೂಲಿಯಾಳುಗಳಲ್ಲಿ ಜೈಲಿನಿಂದ ಕರೆತಂದ ಕೈದಿಗಳು ಬಹಳ ಮಂದಿ ಇದ್ದರು. ಕೆಲಸ ಮುಗಿದ ಮೇಲೆ ಅವರಿಗೆ ಬಿಡುಗಡೆ ದೊರೆಯಿತು. ಶಾಸನ ಮಾಡುವ ಮನೆಯನ್ನು ಶಾಸನ ಮೀರಿದವರ ಕೈಗಳೇ ಕಟ್ಟಿ, ಅದರಿಂದಲೇ ಅವರು ಮತ್ತೆ ತಮ್ಮ ಮನೆ ಸೇರುವಂತಾದದ್ದು ಎಂಥ ಮಾತು! ಮುಂದಿನ ಸಲ ಆ ಗೋಡೆಯನ್ನು ನೋಡುವಾಗ ಅವರನ್ನೂ ನೆನೆಯಿರಿ.

ಖರ್ಚು ಒಂದೂ ಮುಕ್ಕಾಲು ಕೋಟಿ ರೂಪಾಯಿ ದಾಟಿತು. ಇಂದು ಅದು ದೊಡ್ಡ ಮೊತ್ತವೆನಿಸದಿರಬಹುದು. ಆದರೆ ಎಷ್ಟೋ ಹಳ್ಳಿಗಳಲ್ಲಿ ಶಾಲೆಯಿಲ್ಲದ, ಆಸ್ಪತ್ರೆಯಿಲ್ಲದ ಕಾಲ ಅದು. ಬಡವರ ರಾಜ್ಯಕ್ಕೆ ಇಂಥ ಅರಮನೆ ಏಕೆ ಎಂಬ ಪ್ರಶ್ನೆ ಎದ್ದಿತು. ಪ್ರಶ್ನೆ ಕೇಳಿದವರೆಲ್ಲ ಹೊಟ್ಟೆಕಿಚ್ಚಿನವರಲ್ಲ. ಅದು ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಹನುಮಂತಯ್ಯನವರದು ಬಗ್ಗುವ ಸ್ವಭಾವವಲ್ಲ. ಇತರರ ಸಲಹೆಗೆ ಕಿವಿಗೊಡುವುದು ಕಡಿಮೆ ಎಂಬ ದೂರು ಅವರ ಜೊತೆಯವರಲ್ಲೇ ಇತ್ತು. ಮುಂದೆ ಕಟ್ಟಡದ ಖರ್ಚಿನ ಬಗ್ಗೆ ವಿಚಾರಣಾ ಸಮಿತಿಯೂ ನೇಮಕವಾಯಿತು. ದೊಡ್ಡವರ ಬದುಕನ್ನು ಬರೆಯುವಾಗ ಇಂಥದನ್ನು ಮುಚ್ಚಿಡುವುದು ಸರಿಯಲ್ಲ.

ಅದೇ ಕಾಲದಲ್ಲಿ ಅವರು ಕಲ್ಲಿನಷ್ಟೇ ಅಕ್ಷರಕ್ಕೂ ಬೆಲೆ ಕೊಟ್ಟರು. ಸಾಹಿತ್ಯ ಮತ್ತು ಸಂಸ್ಕೃತಿಗಾಗಿ ಸರ್ಕಾರದಲ್ಲಿ ಒಂದು ಇಲಾಖೆಯೇ ಹುಟ್ಟಿತು. ಕುಮಾರವ್ಯಾಸನ ಭಾರತವೆಂದರೆ ಅವರಿಗೆ ಪ್ರಾಣ. ಅದು ಪಂಡಿತರ ಕಪಾಟಿನಲ್ಲಿ ಉಳಿಯದೆ ರೈತನ ಮನೆಯ ಗೂಡಿಗೂ ಬರಬೇಕೆಂದು, ಬಡವರೂ ಕೊಳ್ಳಬಹುದಾದ ಅಗ್ಗದ ಬೆಲೆಗೆ ಅಚ್ಚು ಹಾಕಿಸುವ ಏರ್ಪಾಡು ಮಾಡಿದರು. ನಿಮ್ಮ ಅಜ್ಜನ ಕಾಲದ ಹಳೆಯ ಪೆಟ್ಟಿಗೆಯಲ್ಲೂ ಆ ದಪ್ಪ ಪುಸ್ತಕ ಇದ್ದಿರಬಹುದು.

ಕುರ್ಚಿಯೋ, ನಾಡೋ?

ಈಗ ಅವರ ಬದುಕಿನ ಅತಿ ಕಠಿಣ ಗಳಿಗೆಗೆ ಬರೋಣ.

ಕನ್ನಡ ಮಾತನಾಡುವ ಜನ ಆಗ ಒಂದೇ ರಾಜ್ಯದಲ್ಲಿರಲಿಲ್ಲ. ಧಾರವಾಡ, ಬೆಳಗಾವಿಯವರು ಮುಂಬಯಿಗೆ ಸೇರಿದ್ದರು. ಕಲಬುರ್ಗಿ, ರಾಯಚೂರು, ಬೀದರಿನವರು ಹೈದರಾಬಾದಿಗೆ. ಮಂಗಳೂರಿನವರು ಮದ್ರಾಸಿಗೆ. ಕೊಡಗು ಬೇರೆಯೇ ರಾಜ್ಯ. ಅಷ್ಟು ದೂರ ಏಕೆ? ಕನಕಪುರ ದಾಟಿ ಸಂಗಮಕ್ಕೋ ಮೇಕೆದಾಟುವಿಗೋ ಹೋಗಿ ನಿಂತರೆ ಕಾವೇರಿಯ ಆಚೆ ದಡ ಕಾಣುತ್ತದಲ್ಲವೇ? ಆ ದಡ ಆಗ ಕೊಳ್ಳೇಗಾಲ ತಾಲ್ಲೂಕಾಗಿತ್ತು. ಆಗ ಅದು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹೊಳೆಯ ಈಚೆಗೆ ಒಂದು ಸರ್ಕಾರ, ಆಚೆಗೆ ಇನ್ನೊಂದು.

ಇವೆಲ್ಲ ಒಂದಾಗಬೇಕೆಂಬ ಕೂಗು ಎದ್ದಾಗ ಹಳೆಯ ಮೈಸೂರಿನ ಅನೇಕ ಮುಖಂಡರು ಹಿಂಜರಿದರು. ಮೈಸೂರು ಮುಂದುವರಿದ ರಾಜ್ಯ. ವಿದ್ಯುತ್ತು, ಕಾರ್ಖಾನೆ, ಕಾಲೇಜು ಎಲ್ಲವೂ ಇಲ್ಲಿದ್ದವು. ಹಿಂದುಳಿದ ಜಿಲ್ಲೆಗಳನ್ನು ಸೇರಿಸಿಕೊಂಡರೆ ನಮ್ಮ ಹಣ ಅಲ್ಲಿಗೆ ಹರಿಯುತ್ತದೆ ಎಂಬುದು ಒಂದು ಭಯ. ಇನ್ನೊಂದು ಭಯ ಜಾತಿಯದು. ಹಳೆಯ ಮೈಸೂರಿನ ರಾಜಕೀಯದಲ್ಲಿ ಒಕ್ಕಲಿಗರದು ಬಲವಾದ ಕೈ. ರಾಜ್ಯ ದೊಡ್ಡದಾದರೆ ಉತ್ತರದ ಲಿಂಗಾಯತರ ಸಂಖ್ಯೆ ಹೆಚ್ಚಾಗಿ ಅಧಿಕಾರ ಕೈತಪ್ಪುತ್ತದೆ ಎಂಬ ಲೆಕ್ಕಾಚಾರ. ಹನುಮಂತಯ್ಯನವರು ಒಕ್ಕಲಿಗರು. ಮುಖ್ಯಮಂತ್ರಿ ಬೇರೆ. ಹಾಗಾದರೆ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವರು ಅವರೇ ತಾನೇ?

ಆದರೂ ಅವರು ಏಕೀಕರಣದ ಪರವಾಗಿ ನಿಂತರು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದಾಗ ಅವರೇ ಮುಖ್ಯಮಂತ್ರಿ. ಫಜಲ್ ಆಲಿ ಆಯೋಗ 1955ರಲ್ಲಿ ವರದಿ ಕೊಟ್ಟು, ಅದು ವಿಧಾನಸಭೆಯಲ್ಲಿ ಚರ್ಚೆಗೆ ಬಂದಾಗ, ತಮ್ಮವರೇ ಎದುರು ನಿಂತರೂ ಅವರು ಮಾತು ಬದಲಿಸಲಿಲ್ಲ. ತಮ್ಮ ಜಾತಿಯ ಲಾಭ ಬೇರೆ, ನಾಡಿನ ಒಳಿತು ಬೇರೆ ಎಂದು ಬೇರ್ಪಡಿಸಿ ನೋಡುವ ಧೈರ್ಯ ಅವರಿಗಿತ್ತು.

ಬೆಲೆ ತೆರಬೇಕಾಯಿತು. 1956ರ ಆಗಸ್ಟಿನಲ್ಲಿ ಅವರ ಪಕ್ಷದ ಶಾಸಕರೇ ಅವರಲ್ಲಿ ವಿಶ್ವಾಸವಿಲ್ಲವೆಂದರು. ಏಕೀಕರಣದ ಸಿಟ್ಟು ಮಾತ್ರವಲ್ಲ, ಅವರ ಒರಟು ನಡೆಯೂ ಇದಕ್ಕೆ ಕಾರಣ. ಹನುಮಂತಯ್ಯನವರು ಇಳಿದರು. ಕಡಿದಾಳ್ ಮಂಜಪ್ಪನವರು ಎರಡೂವರೆ ತಿಂಗಳು ಆಳಿದರು. ನವೆಂಬರ್ 1ರಂದು ಹೊಸ ರಾಜ್ಯ ಹುಟ್ಟಿತು. ಎಸ್. ನಿಜಲಿಂಗಪ್ಪನವರು ಅದರ ಮೊದಲ ಮುಖ್ಯಮಂತ್ರಿಯಾದರು. ಕೊಳ್ಳೇಗಾಲವೂ ಅಂದೇ ನಮ್ಮದಾಯಿತು.

ಸ್ವಲ್ಪ ನಿಂತು ಯೋಚಿಸಿ. ಹನುಮಂತಯ್ಯನವರು ಬಯಸಿದ ನಾಡು ಒಂದಾಯಿತು, ಆದರೆ ಅದನ್ನು ಆಳುವ ಅವಕಾಶ ಅವರಿಗೆ ಸಿಗಲಿಲ್ಲ. ಹಗಲಿರುಳು ನಿಂತು ಕಟ್ಟಿಸಿದ ಸೌಧ ಮುಗಿದದ್ದೂ ಅದೇ 1956ರಲ್ಲಿ. ಮರುವರ್ಷ ರಾಮನಗರದಿಂದ ಮತ್ತೆ ಗೆದ್ದ ಅವರು ಆ ಮನೆಗೆ ಬಂದದ್ದು ಅನೇಕ ಶಾಸಕರಲ್ಲಿ ಒಬ್ಬರಾಗಿ. ಬೇರೆಯವರಾಗಿದ್ದರೆ ಮನಸ್ಸು ಕಹಿಯಾಗಿ ಮೂಲೆ ಸೇರುತ್ತಿದ್ದರೇನೋ.

ದೆಹಲಿಯ ಹದಿನೈದು ವರ್ಷ

ಅವರು ಮೂಲೆ ಸೇರಲಿಲ್ಲ. 1962ರಲ್ಲಿ ಬೆಂಗಳೂರು ನಗರದಿಂದ ಲೋಕಸಭೆಗೆ ಆರಿಸಿಬಂದರು. 1967ರಲ್ಲೂ 1971ರಲ್ಲೂ ಜನ ಅವರನ್ನೇ ಗೆಲ್ಲಿಸಿದರು. ಸಂಸತ್ ಸದಸ್ಯರಾಗಿ ಅವರು ಮಾಡಿದ ಅತಿ ದೊಡ್ಡ ಕೆಲಸ ಗದ್ದಲವಿಲ್ಲದ್ದು. ಅದಕ್ಕೇ ಅದು ಹೆಚ್ಚು ಜನರಿಗೆ ತಿಳಿಯದು.

1966ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆಡಳಿತ ಸುಧಾರಣಾ ಆಯೋಗವನ್ನು ನೇಮಿಸಿತು. ಮೊರಾರ್ಜಿ ದೇಸಾಯಿಯವರು ಅಧ್ಯಕ್ಷರು, ಹನುಮಂತಯ್ಯನವರು ಸದಸ್ಯರು. 1967ರಲ್ಲಿ ಮೊರಾರ್ಜಿಯವರು ಉಪಪ್ರಧಾನಿಯಾದಾಗ ಹನುಮಂತಯ್ಯನವರೇ ಅಧ್ಯಕ್ಷರಾದರು. ಜಿಲ್ಲಾ ಕಚೇರಿಯಿಂದ ದೆಹಲಿಯ ಮಂತ್ರಾಲಯದವರೆಗೆ, ನೌಕರರ ನೇಮಕದಿಂದ ಲೆಕ್ಕಪತ್ರದವರೆಗೆ, ಸರ್ಕಾರ ಹೇಗೆ ನಡೆಯಬೇಕೆಂದು ಆಯೋಗ ಪರಿಶೀಲಿಸಿತು. ಒಟ್ಟು 20 ವರದಿಗಳು, 537 ಶಿಫಾರಸುಗಳು.

ಅವುಗಳಲ್ಲಿ ಮೊಟ್ಟಮೊದಲನೆಯದು ಯಾವುದರ ಬಗ್ಗೆ ಬಲ್ಲಿರಾ? ಕಾಗದ ಹಿಡಿದು ಕಚೇರಿಯ ಬಾಗಿಲಲ್ಲಿ ನಿಂತವನ ಅಳಲಿನ ಬಗ್ಗೆ. ಅಧಿಕಾರಿ ಅನ್ಯಾಯ ಮಾಡಿದರೆ, ಲಂಚ ಕೇಳಿದರೆ, ಸಾಮಾನ್ಯನು ಯಾರಲ್ಲಿ ದೂರಬೇಕು? ಅದಕ್ಕಾಗಿ ಕೇಂದ್ರದಲ್ಲಿ ಲೋಕಪಾಲ, ರಾಜ್ಯಗಳಲ್ಲಿ ಲೋಕಾಯುಕ್ತ ಇರಬೇಕೆಂದು ಆಯೋಗ 1966ರಲ್ಲೇ ಹೇಳಿತು. ನಮ್ಮ ರಾಜ್ಯ 1984ರಲ್ಲಿ ಲೋಕಾಯುಕ್ತದ ಶಾಸನ ಮಾಡಿತು. ಆಗ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರು ವಿಧಾನಸಭೆಗೆ ಆರಿಸಿಬಂದಿದ್ದದ್ದು ನಮ್ಮ ಕನಕಪುರದಿಂದಲೇ ಎಂಬುದನ್ನು ಹಿರಿಯರು ಮರೆತಿರಲಾರರು. ದೇಶಕ್ಕೆ ಲೋಕಪಾಲದ ಶಾಸನ ಬಂದದ್ದು 2013ರಲ್ಲಿ, ಮೊದಲ ಲೋಕಪಾಲರು ನೇಮಕವಾದದ್ದು 2019ರಲ್ಲಿ. ಬಿತ್ತಿದ ಬೀಜ ಮೊಳೆಯಲು ಅರ್ಧ ಶತಮಾನವೇ ಹಿಡಿಯಿತು! ಕಲ್ಲಿನಲ್ಲಿ ಬರೆಸುವುದು ಸುಲಭ, ಆ ಮಾತು ನಿಜವಾಗುವಂತೆ ಮಾಡುವುದು ಕಷ್ಟ. ಹನುಮಂತಯ್ಯನವರು ಮೊದಲನೆಯದನ್ನು ಮಾಡಿ ಕೈತೊಳೆದುಕೊಳ್ಳಲಿಲ್ಲ, ಎರಡನೆಯದಕ್ಕೂ ಹೆಗಲು ಕೊಟ್ಟರು.

1970ರಲ್ಲಿ ಇಂದಿರಾ ಗಾಂಧಿಯವರ ಸಂಪುಟ ಸೇರಿ ಕಾನೂನು ಖಾತೆ ನೋಡಿಕೊಂಡರು. 1971ರ ಮಾರ್ಚಿನಲ್ಲಿ ರೈಲ್ವೆ ಮಂತ್ರಿಯಾದರು. ಪಾಕಿಸ್ತಾನದೊಡನೆ ಯುದ್ಧ ನಡೆದ ವರ್ಷ ಅದು. ಸೈನಿಕರನ್ನೂ ಸಾಮಗ್ರಿಯನ್ನೂ ಗಡಿಗೆ ಸಾಗಿಸುವ ಭಾರ ರೈಲುಗಳ ಮೇಲೆ ಬಿದ್ದಿತ್ತು. 1972ರ ಜುಲೈನಲ್ಲಿ ಸಂಪುಟದಿಂದ ಹೊರಬಂದರು. ನಮ್ಮ ಸೀಮೆಯವರೇ ರೈಲ್ವೆ ಮಂತ್ರಿಯಾಗಿದ್ದರೂ ಹಾರೋಹಳ್ಳಿಗೆ ರೈಲು ಬರಲಿಲ್ಲ. ಇದನ್ನು ಕೊರತೆ ಎನ್ನುವಿರೋ, ತನ್ನೂರಿಗೆ ಮೊದಲು ಎನ್ನದ ನಿಷ್ಠೆ ಎನ್ನುವಿರೋ, ನಿಮಗೇ ಬಿಟ್ಟಿದ್ದೇನೆ.

1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವೆಂಬ ಹೆಸರು ಪಡೆದಾಗ ಅವರು ಇನ್ನೂ ಲೋಕಸಭೆಯಲ್ಲಿದ್ದರು. 1977ರ ಚುನಾವಣೆಯಲ್ಲಿ, ತುರ್ತುಪರಿಸ್ಥಿತಿಯ ನಂತರ, ಬೆಂಗಳೂರು ದಕ್ಷಿಣದಲ್ಲಿ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರೆದುರು ಸೋತರು. ಅಲ್ಲಿಗೆ ಅವರ ಸಂಸತ್ತಿನ ಬದುಕು ಮುಗಿಯಿತು. 1980ರ ಡಿಸೆಂಬರ್ 1ರಂದು ತೀರಿಕೊಂಡರು. ಆಗ ಅವರಿಗೆ 72 ವರ್ಷ.

ನಮ್ಮ ಮನೆಗಳಿಗೊಂದು ಮಾತು

ಪ್ರಿಯ ವಾಚಕರೇ, ಇಂದು ಹಾರೋಹಳ್ಳಿಯೇ ಒಂದು ತಾಲ್ಲೂಕು. ಕೈಗಾರಿಕಾ ಪ್ರದೇಶ ಬಂದಿದೆ. ಕಚೇರಿಗಳು ಮನೆಯ ಬಾಗಿಲಿಗೇ ಬಂದಿವೆ. ನಮ್ಮ ಮಕ್ಕಳೂ ಸರ್ಕಾರಿ ಕೆಲಸದ ಪರೀಕ್ಷೆಗೆ ಕಟ್ಟುತ್ತಾರೆ. ನಮ್ಮವರಲ್ಲಿ ಶಿಕ್ಷಕರಿದ್ದಾರೆ, ದಾದಿಯರಿದ್ದಾರೆ, ಅಂಗನವಾಡಿ ಕಾರ್ಯಕರ್ತೆಯರಿದ್ದಾರೆ, ಪಂಚಾಯಿತಿ ಸದಸ್ಯರಿದ್ದಾರೆ. ಮಗನಿಗೆ ಕೆಲಸ ಸಿಕ್ಕಿದ ದಿನ ನಾವು ಸಂಬಳ ಎಷ್ಟೆಂದು ಕೇಳುತ್ತೇವೆ. ಮೇಲೆ ಏನಾದರೂ ಸಿಗುತ್ತದೆಯೇ ಎಂದು ಕೇಳುವ ನೆಂಟರೂ ಇದ್ದಾರೆ. ನಿನ್ನ ಮೇಜಿನ ಮುಂದೆ ಬಂದು ನಿಲ್ಲುವ ಮುದುಕಿಗೆ ಕುರ್ಚಿ ಕೊಡುತ್ತೀಯಾ ಎಂದು ಎಷ್ಟು ಮಂದಿ ತಾಯಂದಿರು ಕೇಳುತ್ತಾರೆ?

ವಿಧಾನಸೌಧದ ಹಣೆಯ ಬರಹ ಮಂತ್ರಿಗಳಿಗೆ ಮಾತ್ರ ಬರೆದದ್ದಲ್ಲ. ಪಡಿತರ ಅಳೆಯುವವನಿಗೂ, ಆಸ್ಪತ್ರೆಯಲ್ಲಿ ಚೀಟಿ ಬರೆಯುವವಳಿಗೂ ಅದು ಸಲ್ಲುತ್ತದೆ. ಆ ಕೆಲಸ ದೇವರದ್ದೆಂದು ನಂಬಿದವನು ಲಂಚಕ್ಕೆ ಕೈಚಾಚಲಾರ, ಬಡವನನ್ನು ನಾಳೆ ಬಾ ಎಂದು ಅಟ್ಟಲಾರ.

ಹನುಮಂತಯ್ಯನವರು ತಪ್ಪಿಲ್ಲದವರಲ್ಲ. ಹಟವಿತ್ತು, ಖರ್ಚಿನ ಕೈಯೂ ದೊಡ್ಡದಿತ್ತು. ಆದರೆ ನಾಡು ದೊಡ್ಡದೋ ತನ್ನ ಕುರ್ಚಿ ದೊಡ್ಡದೋ ಎಂಬ ಪ್ರಶ್ನೆ ಎದುರಾದಾಗ ಅವರು ಸರಿಯಾದದ್ದನ್ನೇ ಆರಿಸಿಕೊಂಡರು. ಕುರ್ಚಿ ಹೋಯಿತು. ನಾಡು ಉಳಿಯಿತು, ಸೌಧ ಉಳಿಯಿತು, ಬಡವನ ದೂರಿಗೊಂದು ಬಾಗಿಲು ಉಳಿಯಿತು.

ಮುಂದಿನ ಸಲ ಬೆಂಗಳೂರಿಗೆ ಹೋದಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ. ಆ ಬರಹವನ್ನು ಅವರಿಂದಲೇ ಓದಿಸಿ. ಅದನ್ನು ಬರೆಸಿದವರು ನಮ್ಮ ರಾಮನಗರದ ಮಗ್ಗುಲ ಹಳ್ಳಿಯ ರೈತನ ಮಗ ಎಂದು ಹೇಳಿ. ಆಮೇಲೆ, ನೀನು ದೊಡ್ಡವನಾದ ಮೇಲೆ ಆ ಮಾತು ನಿಜವಾಗುವಂತೆ ನಡೆದುಕೊಳ್ಳುತ್ತೀಯಾ ಎಂದು ಮೆಲ್ಲಗೆ ಕೇಳಿ ನೋಡಿ.